ಪ್ರಿಪೊಸಿಷನ್ ಪಾಠ: ಯಾವುದು ನಿಯಮ, ಯಾವುದು ವಾದ?

ಪ್ರಾಯೋಗಿಕ ಬೋಧನೆಯ ವಾರಗಳಲ್ಲಿ ಆಂಗ್ಲ ಭಾಷಾ ವಿಧಾನದ ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುವ ವ್ಯಾಕರಣ ಪಾಠಗಳಲ್ಲಿ ಪ್ರಿಪೊಸಿಷನ್ ಒಂದು. ಕಾರಣ ಸರಳ. ಒಂದು ಪೆಟ್ಟಿಗೆ, ಒಂದು ಚೆಂಡು ಇದ್ದರೆ ಬೋಧನೋಪಕರಣ ಸಿದ್ಧ. ಚೆಂಡನ್ನು ಪೆಟ್ಟಿಗೆಯ ಒಳಗೆ, ಮೇಲೆ, ಕೆಳಗೆ, ಪಕ್ಕದಲ್ಲಿ ಇಟ್ಟು ‘ಇನ್’, ‘ಆನ್’, ‘ಅಂಡರ್’, ‘ಬಿಸೈಡ್’ ಎಂದು ಹೇಳಿಸಿದರೆ ತರಗತಿ ಗೆಲುವಾಗಿರುತ್ತದೆ, ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಷರಾ ಸಿಗುತ್ತದೆ. ತೊಡಕು ಶುರುವಾಗುವುದು ಚೆಂಡನ್ನು ಬದಿಗಿಟ್ಟ ಮೇಲೆ. ‘ಬಿಟ್ವೀನ್’ ಎಲ್ಲಿ, ‘ಅಮಂಗ್’ ಎಲ್ಲಿ? ‘ಡಿಫರೆಂಟ್’ ಮುಂದೆ ‘ಫ್ರಮ್’ ಬರಬೇಕೋ ‘ಟು’ ಬರಬೇಕೋ? ‘ಆ್ಯಂಗ್ರಿ ವಿತ್’ ಸರಿಯೋ ‘ಆ್ಯಂಗ್ರಿ ಆ್ಯಟ್’ ಸರಿಯೋ? ಇಂಥ ಪ್ರಶ್ನೆಗಳಿಗೆ ನಮ್ಮ ಮಾರ್ಗದರ್ಶಿ ಪುಸ್ತಕಗಳು ಒಂದೊಂದು ಸಾಲಿನ ಉತ್ತರ ಕೊಟ್ಟು ಮುಂದೆ ಸಾಗುತ್ತವೆ. ಆ ಸಾಲನ್ನೇ ಕರಿಹಲಗೆಯ ಮೇಲೆ ಬರೆದು, ಅದನ್ನೇ ಉತ್ತರ ಸೂಚಿಯಾಗಿಸಿ, ಅದರ ಆಧಾರದಿಂದಲೇ ಮಕ್ಕಳ ಉತ್ತರಕ್ಕೆ ಕೆಂಪು ಗೆರೆ ಎಳೆಯುವುದು ರೂಢಿಯಾಗಿದೆ.

ಈ ಸಾಲುಗಳೆಲ್ಲ ಒಂದೇ ತೂಕದವಲ್ಲ. ಕೆಲವು ಇಂಗ್ಲಿಷ್ ಬಲ್ಲವರೆಲ್ಲ ಒಪ್ಪುವ ನಿಯಮಗಳು. ಕೆಲವು ಒಂದು ದೇಶದಲ್ಲಿ ನಡೆದು ಇನ್ನೊಂದು ದೇಶದಲ್ಲಿ ನಡೆಯದ ರೂಢಿಗಳು. ಇನ್ನು ಕೆಲವು, ಇಂಗ್ಲಿಷ್ ವ್ಯಾಕರಣಕಾರರೇ ಎರಡು ಮೂರು ಶತಮಾನಗಳಿಂದ ಜಗಳವಾಡುತ್ತಿರುವ ಸಂಗತಿಗಳು. ಈ ಮೂರನ್ನೂ ಬೇರ್ಪಡಿಸಿಕೊಂಡು ತರಗತಿಗೆ ಹೋಗುವುದು ಹೇಗೆ, ಪಾಠ ಮಾಡುವುದು ಹೇಗೆ, ಕೊನೆಗೆ ಅಂಕ ಕೊಡುವುದು ಹೇಗೆ ಎಂಬುದನ್ನು, ವೀಕ್ಷಿಸಿದ ಪಾಠಗಳ ಮತ್ತು ನಾನೇ ಕೊಟ್ಟ ಮಾದರಿ ಪಾಠಗಳ ಆಧಾರದಿಂದ ಇಲ್ಲಿ ವಿವರಿಸುತ್ತೇನೆ.

1. ಹೆಸರಿನಿಂದಲೇ ಶುರುವಾಗುವ ಗೊಂದಲ

ಹಲವು ಪುಸ್ತಕಗಳು ಪ್ರಿಪೊಸಿಷನ್ ಎಂಬುದನ್ನು ‘ಉಪಸರ್ಗ’ ಎಂದು ಕನ್ನಡಿಸುತ್ತವೆ. ಆದರೆ ಕನ್ನಡ ತರಗತಿಯಲ್ಲಿ ಉಪಸರ್ಗ ಎಂದರೆ ಬೇರೆಯೇ. ಪ್ರ, ಆ, ಸಂ, ವಿ ಮುಂತಾದವು ಪದದ ಹಿಂದೆ ಸೇರಿ ಪ್ರಹಾರ, ಆಹಾರ, ಸಂಹಾರ, ವಿಹಾರ ಎಂದು ಅರ್ಥ ಬದಲಿಸುತ್ತವೆ ಎಂದು ಮಗು ಕಲಿತಿರುತ್ತದೆ. ಅದೇ ಹೆಸರಿನಿಂದ ‘ಇನ್’, ‘ಆನ್’, ‘ಆ್ಯಟ್’ಗಳನ್ನು ಪರಿಚಯಿಸಿದರೆ ಹಳೆಯ ತಿಳಿವಳಿಕೆಯೂ ಕದಡುತ್ತದೆ, ಹೊಸದೂ ನೆಲೆಗೊಳ್ಳುವುದಿಲ್ಲ. ಪ್ರಿಪೊಸಿಷನ್ ಎಂಬ ಪದವನ್ನೇ ಬಳಸಿ, ‘ಕನ್ನಡದಲ್ಲಿ ಈ ಕೆಲಸವನ್ನು ವಿಭಕ್ತಿ ಪ್ರತ್ಯಯಗಳೂ ಮೇಲೆ, ಒಳಗೆ, ಜೊತೆ, ಬಗ್ಗೆ ಮುಂತಾದ ಪದಗಳೂ ಮಾಡುತ್ತವೆ, ನಮ್ಮಲ್ಲಿ ಅವು ನಾಮಪದದ ಮುಂದೆ ಬರುತ್ತವೆ, ಇಂಗ್ಲಿಷಿನಲ್ಲಿ ಹಿಂದೆ ಬರುತ್ತವೆ’ ಎಂದು ಹೇಳಿದರೆ ಸಾಕು.

ಈ ಹೋಲಿಕೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬೇಕು. ನಮ್ಮ ಒಂದೇ ಪ್ರತ್ಯಯ ಇಂಗ್ಲಿಷಿನ ಹಲವು ಪದಗಳ ಕೆಲಸ ಮಾಡುತ್ತದೆ. ‘ಇಂದ’ ಎಂಬುದನ್ನೇ ನೋಡಿ.

ಹುಬ್ಬಳ್ಳಿಯಿಂದ ಬಂದ: ಇಲ್ಲಿ ‘ಫ್ರಮ್’.
ಚಾಕುವಿನಿಂದ ಕತ್ತರಿಸಿದ: ಇಲ್ಲಿ ‘ವಿತ್’.
ಕುವೆಂಪು ಅವರಿಂದ ರಚಿತವಾದದ್ದು: ಇಲ್ಲಿ ‘ಬೈ’.
ಸೋಮವಾರದಿಂದ ಜ್ವರ: ಇಲ್ಲಿ ‘ಸಿನ್ಸ್’.
ಮೂರು ದಿನದಿಂದ ಜ್ವರ: ಇಲ್ಲಿ ‘ಫಾರ್’.
ಮಲೇರಿಯಾದಿಂದ ಸತ್ತ: ಇಲ್ಲಿ ‘ಆಫ್’.

ಒಂದು ಪ್ರತ್ಯಯಕ್ಕೆ ಆರು ಬಾಗಿಲು. ಸಪ್ತಮಿಯ ‘ಅಲ್ಲಿ’ಯೂ ಹೀಗೆಯೇ. ಕಿಸೆಯಲ್ಲಿ ಎಂದರೆ ‘ಇನ್’, ಎರಡನೆಯ ಮಹಡಿಯಲ್ಲಿ ಎಂದರೆ ‘ಆನ್’, ಬಸ್ ನಿಲ್ದಾಣದಲ್ಲಿ ಎಂದರೆ ‘ಆ್ಯಟ್’. ಮಗು ‘ಸಿನ್ಸ್ ತ್ರೀ ಡೇಸ್’ ಎಂದು ಬರೆದರೆ ಅದು ಅಜಾಗರೂಕತೆಯಲ್ಲ; ತನ್ನ ಭಾಷೆಯ ಒಂದು ಬಾಗಿಲಿನಿಂದ ಹೊರಟು ಪಕ್ಕದ ಬಾಗಿಲಿಗೆ ಬಂದಿದೆ ಅಷ್ಟೆ. ಇದನ್ನು ಅರಿತ ಶಿಕ್ಷಕ ತಪ್ಪನ್ನು ಗದರಿಸುವುದಿಲ್ಲ, ದಾರಿ ತೋರಿಸುತ್ತಾನೆ.

2. ಮೊದಲ ಗುಂಪು: ವಾದವಿಲ್ಲದ ನಿಯಮಗಳು

ಕೆಲವು ಪ್ರಯೋಗಗಳ ಬಗ್ಗೆ ಪ್ರಮಾಣಿತ ಬರವಣಿಗೆಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಅವುಗಳನ್ನು ಹಿಂಜರಿಯದೆ ಕಲಿಸಬೇಕು, ತಪ್ಪಿದರೆ ತಿದ್ದಬೇಕು.

ಕಾಲಾವಧಿಗೆ ‘ಫಾರ್’, ಕಾಲದ ಆರಂಭಬಿಂದುವಿಗೆ ‘ಸಿನ್ಸ್’. ‘ಫಾರ್ ಟೂ ಇಯರ್ಸ್’, ‘ಸಿನ್ಸ್ 2019’.

ಕನ್ನಡದಲ್ಲಿ ನಾವು ‘ನನ್ನ ಮೇಲೆ ಕೋಪ’ ಎನ್ನುತ್ತೇವೆ. ಹಾಗಾಗಿ ‘ಆ್ಯಂಗ್ರಿ ಆನ್ ಮಿ’ ಎಂಬ ವಾಕ್ಯ ಪ್ರತಿ ತರಗತಿಯಲ್ಲೂ ಸಿಗುತ್ತದೆ. ಪ್ರಮಾಣಿತ ಇಂಗ್ಲಿಷಿನಲ್ಲಿ ಇಲ್ಲಿ ‘ಆನ್’ ಬರುವುದಿಲ್ಲ. ‘ಅವನ ಜೊತೆ ಮದುವೆಯಾಯಿತು’ ಎನ್ನುವುದರಿಂದ ‘ಮ್ಯಾರೀಡ್ ವಿತ್’ ಹುಟ್ಟುತ್ತದೆ. ಬರಬೇಕಾದದ್ದು ‘ಮ್ಯಾರೀಡ್ ಟು’. ‘ಶಾಲೆಗೆ ತಲುಪಿದೆ’ ಎನ್ನುವುದರಿಂದ ‘ರೀಚ್ಡ್ ಟು ಸ್ಕೂಲ್’. ಅಲ್ಲಿ ‘ಟು’ ಬೇಡ. ‘ಸಮಸ್ಯೆಯ ಬಗ್ಗೆ ಚರ್ಚಿಸಿದರು’ ಎನ್ನುವುದರಿಂದ ‘ಡಿಸ್ಕಸ್ಡ್ ಅಬೌಟ್’. ಅಲ್ಲಿ ‘ಅಬೌಟ್’ ಬೇಡ.

ಈ ಕೊನೆಯದಕ್ಕೆ ಒಂದು ಸೂಕ್ಷ್ಮವಿದೆ. ಕ್ರಿಯಾಪದಕ್ಕೆ ಬೇಡವಾದ ಪ್ರಿಪೊಸಿಷನ್ ಅದೇ ಪದದ ನಾಮರೂಪಕ್ಕೆ ಬೇಕಾಗುತ್ತದೆ. ‘ಡಿಸ್ಕಸ್ ದ ಪ್ರಾಬ್ಲೆಮ್’ ಎನ್ನಬೇಕು, ಆದರೆ ‘ಎ ಡಿಸ್ಕಷನ್ ಅಬೌಟ್ ದ ಪ್ರಾಬ್ಲೆಮ್’ ಸರಿ. ‘ಆರ್ಡರ್ ಟೂ ಕಾಫಿ’ ಎನ್ನಬೇಕು, ಆದರೆ ‘ಆ್ಯನ್ ಆರ್ಡರ್ ಫಾರ್ ಟೂ ಕಾಫಿ’ ಸರಿ. ‘ಎಂಟರ್ ದ ರೂಮ್’ ಎನ್ನಬೇಕು. ಆದರೆ ಒಪ್ಪಂದಕ್ಕೆ ‘ಎಂಟರ್ ಇನ್‌ಟು’ ಎಂದೇ ಹೇಳುವುದು. ‘ಡಿಸ್ಕಸ್ ಮುಂದೆ ಅಬೌಟ್ ಬರಬಾರದು’ ಎಂದು ಮಾತ್ರ ಹೇಳಿ ಬಿಟ್ಟರೆ, ಚುರುಕಾದ ಮಗು ‘ಡಿಸ್ಕಷನ್’ ಮುಂದಿನ ‘ಅಬೌಟ್’ ಅನ್ನೂ ಹೊಡೆದುಹಾಕುತ್ತದೆ. ಜೋಡಿಯಾಗಿಯೇ ಕಲಿಸಬೇಕು.

‘ಡಿಸ್ಕಸ್ ಅಬೌಟ್’ ನಮ್ಮ ದೇಶದಲ್ಲಿ ಎಷ್ಟೋ ವಿದ್ಯಾವಂತರ ಬಾಯಲ್ಲಿ ಕೇಳಿಬರುತ್ತದೆ ಎಂಬುದು ನಿಜ. ಆ ಮಾತಿಗಾಗಿ ಮಗುವನ್ನು ನಗೆಪಾಟಲು ಮಾಡಬಾರದು. ಆದರೆ ಪರೀಕ್ಷೆ, ಅರ್ಜಿ, ಸಂದರ್ಶನಗಳಲ್ಲಿ ಆ ರೂಪಕ್ಕೆ ಬೆಲೆ ತೆರುವುದು ಮಗುವೇ ಆದ್ದರಿಂದ ತಿದ್ದದೆ ಬಿಡುವುದೂ ಉಪಕಾರವಲ್ಲ.

3. ಎರಡನೆಯ ಗುಂಪು: ದೇಶಕ್ಕೊಂದು ರೂಢಿ

ಬ್ರಿಟನ್ನಿನವರು ‘ಆ್ಯಟ್ ದ ವೀಕೆಂಡ್’ ಎಂದರೆ ಅಮೆರಿಕದವರು ‘ಆನ್ ದ ವೀಕೆಂಡ್’ ಎನ್ನುತ್ತಾರೆ. ಅರ್ಜಿ ನಮೂನೆಯನ್ನು ಬ್ರಿಟನ್ನಿನಲ್ಲಿ ಹೆಚ್ಚಾಗಿ ‘ಫಿಲ್ ಇನ್’ ಮಾಡುತ್ತಾರೆ, ಅಮೆರಿಕದಲ್ಲಿ ‘ಫಿಲ್ ಔಟ್’ ಮಾಡುತ್ತಾರೆ. ಆಟಗಾರ ಬ್ರಿಟನ್ನಿನಲ್ಲಿ ‘ಇನ್ ದ ಟೀಮ್’, ಅಮೆರಿಕದಲ್ಲಿ ‘ಆನ್ ದ ಟೀಮ್’. ಹತ್ತು ಗಂಟೆ ಐದು ನಿಮಿಷ ಒಂದು ಕಡೆ ‘ಫೈವ್ ಪಾಸ್ಟ್ ಟೆನ್’, ಇನ್ನೊಂದು ಕಡೆ ‘ಫೈವ್ ಆಫ್ಟರ್ ಟೆನ್’ ಕೂಡ ಆಗುತ್ತದೆ. ‘ಮಂಡೇ ಟು ಫ್ರೈಡೇ’ ನಮಗೆ ಪರಿಚಿತ. ಅಮೆರಿಕದಲ್ಲಿ ‘ಮಂಡೇ ಥ್ರೂ ಫ್ರೈಡೇ’.

ನಮ್ಮ ಪಠ್ಯಗಳು ಬಹುಮಟ್ಟಿಗೆ ಬ್ರಿಟಿಷ್ ರೂಢಿಯನ್ನು ಅನುಸರಿಸುತ್ತವೆ. ಮಕ್ಕಳ ಮೊಬೈಲು, ಸಿನಿಮಾ, ಆಟಗಳು ಅಮೆರಿಕದ ರೂಢಿಯನ್ನೂ ಮನೆಗೆ ತಂದಿವೆ. ಇವುಗಳಲ್ಲಿ ಒಂದನ್ನು ಸರಿ, ಇನ್ನೊಂದನ್ನು ತಪ್ಪು ಎನ್ನಲು ಆಧಾರವಿಲ್ಲ. ಧಾರವಾಡದವರು ಒಂದು ರೀತಿ, ಮಂಗಳೂರಿನವರು ಇನ್ನೊಂದು ರೀತಿ ಕನ್ನಡ ಆಡುವುದನ್ನು ಬಲ್ಲ ಮಕ್ಕಳಿಗೆ ಇದನ್ನು ತಿಳಿಸಲು ಎರಡು ನಿಮಿಷ ಸಾಕು. ‘ಎರಡೂ ಸರಿ, ನಮ್ಮ ಪುಸ್ತಕದಲ್ಲಿ ಇದು’ ಎಂದು ಹೇಳಿ ಮುಂದೆ ಹೋಗಬಹುದು.

4. ಮೂರನೆಯ ಗುಂಪು: ವ್ಯಾಕರಣಕಾರರ ಜಗಳಗಳು

ಕಷ್ಟವಿರುವುದು ಇಲ್ಲಿ. ನಾಲ್ಕು ಉದಾಹರಣೆಗಳನ್ನು ತೆಗೆದುಕೊಳ್ಳುತ್ತೇನೆ.

ಬಿಟ್ವೀನ್ ಮತ್ತು ಅಮಂಗ್. ‘ಇಬ್ಬರಿದ್ದರೆ ಬಿಟ್ವೀನ್, ಹೆಚ್ಚು ಜನರಿದ್ದರೆ ಅಮಂಗ್’ ಎಂಬುದು ನಾವೆಲ್ಲ ಬಾಯಿಪಾಠ ಮಾಡಿದ ಸೂತ್ರ. ಇದಕ್ಕೆ ಕಾರಣವೂ ಇದೆ. ‘ಬಿಟ್ವೀನ್’ ಎಂಬ ಪದದ ಒಳಗೆ ‘ಎರಡು’ ಎಂಬ ಅರ್ಥದ ಹಳೆಯ ಬೇರು ಅಡಗಿದೆ. 1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಕೂಡ ಈ ಭೇದವನ್ನು ಹೇಳಿ, ಜೊತೆಗೇ ಎಲ್ಲರೂ ಇದನ್ನು ಯಾವಾಗಲೂ ಪಾಲಿಸುವುದಿಲ್ಲವೇನೋ ಎಂದು ಸೇರಿಸಿದ್ದಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ನಿಲುವು ಇನ್ನೂ ಸ್ಪಷ್ಟ: ‘ಬಿಟ್ವೀನ್’ ಬಹಳ ಹಿಂದಿನಿಂದಲೂ ಎರಡಕ್ಕಿಂತ ಹೆಚ್ಚಿನವಕ್ಕೆ ಬಳಕೆಯಾಗುತ್ತ ಬಂದಿದೆ, ಒಂದೊಂದನ್ನೂ ಬಿಡಿಬಿಡಿಯಾಗಿ ಕಂಡು ಸಂಬಂಧ ಹೇಳುವಾಗ ಅದೇ ಬೇಕು, ಎಲ್ಲವನ್ನೂ ಒಟ್ಟು ಗುಂಪಾಗಿ ಕಂಡಾಗ ‘ಅಮಂಗ್’.

ಪದದ ಹುಟ್ಟು ಅದರ ಇಂದಿನ ಅರ್ಥವನ್ನು ಕಟ್ಟಿಹಾಕುವುದಿಲ್ಲ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆ ಇದೆ. ‘ಎಣ್ಣೆ’ ಎಂಬುದು ಎಳ್ಳು ಮತ್ತು ನೆಯ್ ಸೇರಿ ಆದ ಪದ. ಮೂಲದಲ್ಲಿ ಎಳ್ಳಿನದು ಮಾತ್ರ ಎಣ್ಣೆ. ಇಂದು ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಎನ್ನಲು ಯಾರಿಗೂ ಸಂಕೋಚವಿಲ್ಲ. ‘ಬಿಟ್ವೀನ್’ ಒಳಗಿನ ‘ಎರಡು’ ಕೂಡ ಹಾಗೆಯೇ.

ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯ ಈ ಭೇದಕ್ಕೆ ಒಳ್ಳೆಯ ಸಾಕ್ಷಿ. ಪೀಠಿಕೆಯಲ್ಲಿ ಭಾರತದ ಎಲ್ಲ ಪ್ರಜೆಗಳಲ್ಲಿ ಭ್ರಾತೃತ್ವ ಬೆಳೆಸುವ ಮಾತು ಬರುವಾಗ ಬಳಕೆಯಾಗಿರುವುದು ‘ಅಮಂಗ್’. ಅಲ್ಲಿ ಎಲ್ಲರೂ ಒಂದು ಸಮುದಾಯ. ಸರ್ವೋಚ್ಚ ನ್ಯಾಯಾಲಯದ ಮೂಲ ಅಧಿಕಾರವನ್ನು ಹೇಳುವ 131ನೆಯ ವಿಧಿಯಲ್ಲಿ ಎರಡು ಅಥವಾ ಹೆಚ್ಚು ರಾಜ್ಯಗಳ ವಿವಾದದ ಮಾತು ಬರುವಾಗ ಬಳಕೆಯಾಗಿರುವುದು ‘ಬಿಟ್ವೀನ್’. ಅಲ್ಲಿ ಒಂದೊಂದು ರಾಜ್ಯವೂ ಒಂದೊಂದು ಕಕ್ಷಿ. ಎಣಿಕೆಯೇ ನಿಯಮವಾಗಿದ್ದರೆ ‘ಹೆಚ್ಚು ರಾಜ್ಯಗಳು’ ಎಂದ ಕೂಡಲೇ ಪದ ಬದಲಾಗಬೇಕಿತ್ತು.

ಸೂತ್ರವನ್ನು ಕಣ್ಣು ಮುಚ್ಚಿ ಪಾಲಿಸಿದರೆ ಸರಿಯಾದ ವಾಕ್ಯವೂ ಕೆಡುತ್ತದೆ. ‘ನಮ್ಮ ಹೊಲ ರಸ್ತೆ, ಕಾಲುವೆ ಮತ್ತು ಶಾಲೆಯ ನಡುವೆ ಇದೆ’ ಎಂಬುದನ್ನು ಇಂಗ್ಲಿಷಿನಲ್ಲಿ ‘ಬಿಟ್ವೀನ್’ ಎಂದೇ ಹೇಳಬೇಕು. ಮೂರು ಗಡಿಗಳಿವೆ ಎಂದು ‘ಅಮಂಗ್’ ಹಾಕಿದರೆ ಇಂಗ್ಲಿಷ್ ಬಲ್ಲವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಕನ್ನಡದ ‘ನಡುವೆ’ ಎಂದೂ ತಲೆ ಎಣಿಸಿದ್ದಿಲ್ಲ. ತಪ್ಪಿಗೆಲ್ಲ ಮಾತೃಭಾಷೆಯ ಪ್ರಭಾವವೇ ಕಾರಣ ಎಂದು ನಾವು ಪಾಠಯೋಜನೆಯಲ್ಲಿ ಬರೆಯುತ್ತೇವೆ. ಇಲ್ಲಿ ಮಾತೃಭಾಷೆಯೇ ಮಗುವನ್ನು ಸರಿಯಾದ ಉತ್ತರಕ್ಕೆ ಕರೆದೊಯ್ಯುತ್ತದೆ.

ಡಿಫರೆಂಟ್ ಮುಂದೆ ಯಾವುದು? ‘ಫ್ರಮ್’ ಎಲ್ಲೆಡೆ ಒಪ್ಪಿತ. ‘ಟು’ ಬ್ರಿಟನ್ನಿನಲ್ಲಿ ಸಾಮಾನ್ಯ, ‘ದ್ಯಾನ್’ ಅಮೆರಿಕದಲ್ಲಿ ಸಾಮಾನ್ಯ. ‘ಫ್ರಮ್’ ಮಾತ್ರ ಸರಿ ಎನ್ನುವವರ ವಾದ ಏನೆಂದರೆ, ‘ಡಿಫರ್’ ಎಂಬ ಕ್ರಿಯಾಪದಕ್ಕೆ ‘ಫ್ರಮ್’ ಬರುತ್ತದೆ, ಆದ್ದರಿಂದ ‘ಡಿಫರೆಂಟ್’ಗೂ ಅದೇ ಬರಬೇಕು. ಆದರೆ ಒಂದು ಪದದ ಸಂಬಂಧ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ ಎಂಬುದನ್ನು ‘ಡಿಸ್ಕಸ್’ ಮತ್ತು ‘ಡಿಸ್ಕಷನ್’ ಜೋಡಿಯಲ್ಲೇ ಕಂಡೆವು. ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ಪ್ರಕಟವಾದ ತಮ್ಮ ಹೆಸರಾಂತ ಗ್ರಂಥದಲ್ಲಿ ಎಚ್. ಡಬ್ಲ್ಯು. ಫೌಲರ್, ‘ಫ್ರಮ್’ ಬಿಟ್ಟು ‘ಟು’ ಬರಲೇಬಾರದು ಎಂಬುದನ್ನು ಮೂಢನಂಬಿಕೆ ಎಂದೇ ಕರೆದರು. ಮುಂದೆ ಒಂದು ಪೂರ್ಣ ಉಪವಾಕ್ಯ ಬರುವಾಗ ‘ದ್ಯಾನ್’ ಅನುಕೂಲವೂ ಹೌದು. ‘ಫ್ರಮ್’ ಹಾಕಿದರೆ ಜೊತೆಗೆ ‘ವಾಟ್’ ಕೂಡ ಸೇರಿಸಬೇಕಾಗುತ್ತದೆ.

ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್. ಇದು ಬರಬಾರದು ಎಂದು ಈಗಲೂ ಕಲಿಸುವವರಿದ್ದಾರೆ. 1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಬರಹದಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ. ಮುಂದೆ ತನ್ನದೇ ಹಳೆಯ ಪ್ರಬಂಧವನ್ನು ಪರಿಷ್ಕರಿಸುವಾಗ ಅಂಥ ವಾಕ್ಯಗಳನ್ನು ತಿದ್ದಿಕೊಂಡ. ಲ್ಯಾಟಿನ್ನಿನಲ್ಲಿ ಪ್ರಿಪೊಸಿಷನ್ ಸಾಮಾನ್ಯವಾಗಿ ನಾಮಪದದ ಹಿಂದೆಯೇ ಇರುತ್ತದೆ. ಲ್ಯಾಟಿನ್ನನ್ನು ಮಾದರಿಯಾಗಿ ಕಂಡ ಕಾಲದಲ್ಲಿ ಈ ಮಾತಿಗೆ ಬಲ ಬಂತು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಇದನ್ನು ನಿಷೇಧಿಸಲಿಲ್ಲ. ಆಡುಮಾತಿಗೆ ಅದು ಹೊಂದುತ್ತದೆ, ಗಂಭೀರ ಬರಹಕ್ಕೆ ಇನ್ನೊಂದು ಕ್ರಮ ಹೆಚ್ಚು ಒಪ್ಪುತ್ತದೆ ಎಂದರು. ಆ ಮಾತು ಹೇಳುವಾಗಲೇ ಒಂದು ಉಪವಾಕ್ಯವನ್ನು ‘ಟು’ ಎಂದು ಮುಗಿಸಿದರು. ಫೌಲರ್ ಈ ನಿಷೇಧವನ್ನೂ ಮೂಢನಂಬಿಕೆಗಳ ಸಾಲಿಗೆ ಸೇರಿಸಿದರು. ನಮ್ಮ ಮಕ್ಕಳು ಮೊಟ್ಟಮೊದಲು ಕಲಿಯುವ ಪ್ರಶ್ನೆಗಳಲ್ಲಿ ‘ವೇರ್ ಆರ್ ಯು ಫ್ರಮ್?’ ಎಂಬುದೂ ಒಂದು. ಈ ನಿಯಮವನ್ನು ನಂಬಿದರೆ ಅದನ್ನೇ ತಪ್ಪೆನ್ನಬೇಕಾಗುತ್ತದೆ!

ಆ್ಯಂಗ್ರಿ ಮತ್ತು ಕಂಪೇರ್. ವ್ಯಕ್ತಿಯ ಮೇಲಿನ ಕೋಪಕ್ಕೆ ‘ವಿತ್’, ಸಂಗತಿಯ ಮೇಲಿನ ಕೋಪಕ್ಕೆ ‘ಆ್ಯಟ್’ ಎನ್ನುತ್ತವೆ ಪುಸ್ತಕಗಳು. ವ್ಯಕ್ತಿಗೂ ‘ಆ್ಯಟ್’ ಬಳಸುವುದು ಇಂದು, ಅದರಲ್ಲೂ ಅಮೆರಿಕದಲ್ಲಿ, ಸಾಮಾನ್ಯ. ‘ಆ್ಯಂಗ್ರಿ ಆನ್’ ತಪ್ಪು, ‘ಆ್ಯಂಗ್ರಿ ವಿತ್’ ಸರಿ, ‘ಆ್ಯಂಗ್ರಿ ಆ್ಯಟ್’ ಕೂಡ ಸರಿ. ಹಾಗೆಯೇ, ಒಂದನ್ನು ಇನ್ನೊಂದರಂತೆ ಎಂದು ಬಣ್ಣಿಸಲು ‘ಕಂಪೇರ್ ಟು’, ಎರಡನ್ನೂ ಎದುರಿಗಿಟ್ಟು ಸಾಮ್ಯ ಭೇದ ಪರಿಶೀಲಿಸಲು ‘ಕಂಪೇರ್ ವಿತ್’ ಎಂಬ ಭೇದ ಉಪಯುಕ್ತವಾದದ್ದೇ. ಆದರೆ ಒಳ್ಳೆಯ ಬರಹಗಾರರೂ ಇದನ್ನು ಸದಾ ಪಾಲಿಸುವುದಿಲ್ಲ. ಪ್ರೌಢಶಾಲೆಯ ಮಟ್ಟದಲ್ಲಿ ಇದಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚು ಸಮಯ ಕೊಡಬೇಕಿಲ್ಲ.

5. ನಲವತ್ತು ನಿಮಿಷದ ಒಂದು ಪಾಠ

ಇಷ್ಟನ್ನೂ ಒಂದೇ ಅವಧಿಯಲ್ಲಿ ತುಂಬಲು ಹೊರಟರೆ ಮಕ್ಕಳ ಕೈಗೆ ಏನೂ ಸಿಗುವುದಿಲ್ಲ. ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಗೆ ನಾನು ಕೊಡುವ ಮಾದರಿ ಪಾಠದ ಚೌಕಟ್ಟು ಇದು.

ಮೊದಲ ಎಂಟು ನಿಮಿಷ: ಮೇಲೆ ಹೇಳಿದ ಆರು ‘ಇಂದ’ ವಾಕ್ಯಗಳನ್ನು ಕನ್ನಡದಲ್ಲೇ ಕರಿಹಲಗೆಯ ಮೇಲೆ ಬರೆಯುವುದು. ‘ಎಲ್ಲದರಲ್ಲೂ ಯಾವ ಪ್ರತ್ಯಯ ಇದೆ?’ ಎಂದು ಕೇಳಿ ಅದರ ಕೆಳಗೆ ಗೆರೆ ಎಳೆಸುವುದು. ಬಳಿಕ ಒಂದೊಂದಕ್ಕೂ ಇಂಗ್ಲಿಷ್ ಪದ ಹುಡುಕಿಸುವುದು. ತಮಗೆ ಗೊತ್ತಿರುವ ವ್ಯಾಕರಣದಿಂದಲೇ ಪಾಠ ಶುರುವಾಯಿತು ಎಂಬ ಧೈರ್ಯ ಹಿಂದಿನ ಬೆಂಚಿನವರಿಗೂ ಬರುತ್ತದೆ.

ಮುಂದಿನ ಹತ್ತು ನಿಮಿಷ: ‘ಡಿಸ್ಕಸ್’, ‘ಡಿಸ್ಕಷನ್’ ಮಾದರಿಯ ಜೋಡಿಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆದು ಹಂಚುವುದು. ಪ್ರಿಪೊಸಿಷನ್ ಬೇಕಾದ ಚೀಟಿಯವರು ಬಲಗಡೆ, ಬೇಡದವರು ಎಡಗಡೆ ನಿಲ್ಲಬೇಕು.

ಮೂರನೆಯ ಹಂತ, ಹನ್ನೆರಡು ನಿಮಿಷ: ಇದಕ್ಕೆ ಬೇಕಾದದ್ದು ದಾರದ ಉಂಡೆ, ಒಂದು ಹಗ್ಗ, ಒಂದು ಸೀಮೆಸುಣ್ಣದ ಡಬ್ಬಿ. ಮೂವರು ಮಕ್ಕಳನ್ನು ತ್ರಿಕೋನವಾಗಿ ನಿಲ್ಲಿಸಿ ಒಬ್ಬರಿಂದ ಒಬ್ಬರಿಗೆ ದಾರ ಕಟ್ಟುವುದು. ಮೂರು ದಾರ ಬೇಕಾಗುತ್ತದೆ. ನಾಲ್ಕನೆಯ ಮಗುವನ್ನು ಸೇರಿಸಿದರೆ ಆರು ದಾರ. ಈ ದಾರಗಳೇ ‘ಬಿಟ್ವೀನ್’. ಆಮೇಲೆ ದಾರ ಬಿಚ್ಚಿ, ಎಲ್ಲರನ್ನೂ ಸುತ್ತುವರಿದು ಹಗ್ಗ ಹಾಸಿ, ಒಳಗೆ ಎಲ್ಲೋ ಒಂದು ಕಡೆ ಡಬ್ಬಿ ಇಡುವುದು. ಅದು ‘ಅಮಂಗ್’. ಒಮ್ಮೆ ಈ ಹಂತದಲ್ಲಿ ಒಬ್ಬ ಹುಡುಗ, ‘ಸರ್, ನಾಲ್ಕು ಜನ ಇದ್ರೂ ದಾರ ಇಬ್ಬಿಬ್ಬರ ಮಧ್ಯಾನೇ ಅಲ್ವಾ ಇರೋದು?’ ಎಂದು ಕೇಳಿದ. ನಿಘಂಟುಕಾರರು ಹೇಳಿದ್ದೂ ಅದನ್ನೇ. ಇಬ್ಬರ ಸೂತ್ರದಲ್ಲಿ ಎಷ್ಟು ಸತ್ಯವಿದೆ, ಎಲ್ಲಿ ಅದು ಮುಗಿಯುತ್ತದೆ ಎಂಬುದು ಆ ಒಂದು ಪ್ರಶ್ನೆಯಲ್ಲಿ ಇಡೀ ತರಗತಿಗೆ ತಿಳಿಯಿತು.

ಕೊನೆಯ ಹತ್ತು ನಿಮಿಷ ಮೌಲ್ಯಮಾಪನ. ಬಿಟ್ಟ ಸ್ಥಳ ತುಂಬಿಸುವ ಬದಲು, ಎರಡು ವಾಕ್ಯ ಕೊಟ್ಟು ‘ಎರಡೂ ಸರಿಯೇ, ಒಂದೇ ಸರಿಯೇ? ಏಕೆ?’ ಎಂದು ಕೇಳಬೇಕು. ‘ಏಕೆ’ ಎಂಬುದಕ್ಕೆ ಕನ್ನಡದಲ್ಲಿ ಉತ್ತರಿಸಲು ಬಿಡಬೇಕು. ‘ಡಿಫರೆಂಟ್’ ಮತ್ತು ವಾಕ್ಯಾಂತ್ಯದ ಚರ್ಚೆಯನ್ನು ಇನ್ನೊಂದು ಅವಧಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

6. ಕೆಂಪು ಗೆರೆ ಎಳೆಯುವ ಮುನ್ನ

ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಘಟಕ ಪರೀಕ್ಷೆಯ ಉತ್ತರ ಪತ್ರಿಕೆ ಹಿಂದಿರುಗಿಸುತ್ತಿದ್ದ ಅವಧಿಯನ್ನು ನಾನು ವೀಕ್ಷಿಸುತ್ತಿದ್ದೆ. ಕಾವೇರಿ ವಿವಾದ ಕರ್ನಾಟಕ, ತಮಿಳುನಾಡು ಮತ್ತು ಕೇರಳದ ನಡುವೆ ಇದೆ ಎಂಬರ್ಥದ ವಾಕ್ಯದಲ್ಲಿ ಬಿಟ್ಟ ಸ್ಥಳ ತುಂಬಬೇಕಿತ್ತು. ಒಬ್ಬ ಹುಡುಗಿ ‘ಬಿಟ್ವೀನ್’ ಎಂದು ಬರೆದಿದ್ದಳು. ಉತ್ತರ ಸೂಚಿಯಲ್ಲಿ ಇದ್ದದ್ದು ‘ಅಮಂಗ್’ ಮಾತ್ರ, ಅಂಕ ಹೋಗಿತ್ತು. ಅವಳು ಎದ್ದು ನಿಂತು, ‘ಸರ್, ಇಂಗ್ಲಿಷ್ ಪೇಪರ್‌ನಲ್ಲಿ ಹಿಂಗೇ ಬರ್ದಿರ್ತಾರೆ’ ಎಂದಳು. ‘ಪೇಪರ್‌ನವರು ಬರೆದದ್ದೆಲ್ಲ ಸರಿ ಅಲ್ಲ, ಪುಸ್ತಕ ನೋಡು’ ಎಂಬ ಉತ್ತರ ಬಂತು. ಅವಳು ಕುಳಿತಳು. ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ, ಅಂತಿಮ ತೀರ್ಪು ಕೊಟ್ಟದ್ದು 2007ರಲ್ಲಿ. ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ ಈ ನಾಲ್ಕೂ ತಮ್ಮ ತಮ್ಮ ವಾದ ಮಂಡಿಸಿದ ಕಕ್ಷಿಗಳು. ಒಂದೊಂದೂ ಬಿಡಿಬಿಡಿಯಾಗಿ ನಿಂತ ಇಂಥ ವಿವಾದಕ್ಕೆ ‘ಬಿಟ್ವೀನ್’ ಪೂರ್ತಿ ಸರಿಯಾದ ಪದ. ಹುಡುಗಿಯ ಉತ್ತರದಲ್ಲಿ ತಪ್ಪಿರಲಿಲ್ಲ; ತಪ್ಪಿದ್ದದ್ದು ಪ್ರಶ್ನೆಯಲ್ಲಿ. ಕನ್ನಡ ಮಾಧ್ಯಮದ ಮಗುವೊಂದು ಇಂಗ್ಲಿಷ್ ಪತ್ರಿಕೆ ಓದಿ, ಅಲ್ಲಿನ ಪ್ರಯೋಗವನ್ನು ಗಮನಿಸಿ, ನೆನಪಿಟ್ಟು, ಪರೀಕ್ಷೆಯಲ್ಲಿ ಬಳಸಿತ್ತು. ಭಾಷಾ ಬೋಧನೆಯ ಉದ್ದೇಶಗಳು ಎಂದು ನಾವು ಪಾಠಯೋಜನೆಯ ಮೊದಲ ಪುಟದಲ್ಲಿ ಬರೆಯುವುದೆಲ್ಲ ಇದೇ ತಾನೆ? ಹೋದ ಒಂದು ಅಂಕ ದೊಡ್ಡದಲ್ಲ. ಓದಿ ಕಲಿತದ್ದು ಶಾಲೆಯಲ್ಲಿ ನಡೆಯುವುದಿಲ್ಲ ಎಂಬ ಪಾಠವನ್ನು ಅವಳು ಕಲಿತುಬಿಟ್ಟರೆ ಅದು ದೊಡ್ಡ ನಷ್ಟ.

ಪಾಠೋತ್ತರ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿ ಎತ್ತಿದ ಆಕ್ಷೇಪವೂ ಸಣ್ಣದಲ್ಲ. ‘ಸರ್, ನಾನು ಎರಡೂ ಸರಿ ಅಂತ ಹೇಳಿ, ನಾಳೆ ಎಸ್‌ಎಸ್‌ಎಲ್‌ಸಿ ಉತ್ತರ ಸೂಚಿಯಲ್ಲಿ ಒಂದೇ ಇದ್ದರೆ? ಮಕ್ಕಳ ಅಂಕಕ್ಕೆ ಯಾರು ಹೊಣೆ?’ ಎಂದು ಅವರು ಕೇಳಿದರು. ಇದನ್ನು ತಳ್ಳಿಹಾಕುವಂತಿಲ್ಲ. ನಾನು ಕೊಟ್ಟ ಉತ್ತರ ಇಷ್ಟು: ಮಗು ಬರೆಯುವಾಗ ಯಾರೂ ಆಕ್ಷೇಪಿಸಲಾರದ ರೂಪವನ್ನು ಆರಿಸಿಕೊಳ್ಳುವುದನ್ನು ಕಲಿಸೋಣ, ನಾವು ತಿದ್ದುವಾಗ ಆಧಾರವಿರುವ ಯಾವ ರೂಪವನ್ನೂ ತಪ್ಪೆನ್ನದಿರೋಣ. ಪರೀಕ್ಷೆಯಲ್ಲಿ ‘ಡಿಫರೆಂಟ್ ಫ್ರಮ್’ ಬರೆ, ಗುಂಪಿನಲ್ಲಿ ಹಂಚಿದ ಸಿಹಿಗೆ ‘ಅಮಂಗ್’ ಬರೆ, ಮನುಷ್ಯರ ಮೇಲಿನ ಕೋಪಕ್ಕೆ ‘ವಿತ್’ ಬರೆ ಎಂದು ಹೇಳಬಹುದು. ಇವು ಸುರಕ್ಷಿತ ದಾರಿಗಳು. ಆದರೆ ಉಳಿದ ದಾರಿಗಳೆಲ್ಲ ಹಳ್ಳ ಎಂದು ಹೇಳಬಾರದು. ಬರೆಯುವವನಿಗೆ ಎಚ್ಚರ ಬೇಕು, ತಿದ್ದುವವನಿಗೆ ಉದಾರತೆ ಬೇಕು. ಎರಡನ್ನೂ ಅದಲುಬದಲು ಮಾಡಿಕೊಂಡಾಗಲೇ ಅನ್ಯಾಯವಾಗುವುದು.

ಮರುದಿನ ಅವರು ಆ ಪ್ರಶ್ನೆಗೆ ‘ಬಿಟ್ವೀನ್’ ಬರೆದವರಿಗೆಲ್ಲ ಅಂಕ ಕೊಟ್ಟು, ಕಾರಣವನ್ನು ತರಗತಿಗೆ ವಿವರಿಸಿದರು. ಅದಕ್ಕಾಗಿ ಪೀಠಿಕೆಯನ್ನೂ 131ನೆಯ ವಿಧಿಯನ್ನೂ ಬರೆದುಕೊಂಡು ಹೋಗಿದ್ದರು. ಶಿಕ್ಷಕರ ಗೌರವ ಇದರಿಂದ ಕುಗ್ಗಲಿಲ್ಲ ಎಂದು ಅವರೇ ತಮ್ಮ ಅವಲೋಕನದಲ್ಲಿ ದಾಖಲಿಸಿದ್ದಾರೆ.

7. ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

ಪಾಠಯೋಜನೆ ಬರೆಯುವಾಗ ಪ್ರತಿ ನಿಯಮದ ಪಕ್ಕದಲ್ಲಿ ಅದು ಯಾವ ಗುಂಪಿನದು ಎಂದು ಗುರುತು ಹಾಕಿಕೊಳ್ಳಿ: ನಿಯಮ, ರೂಢಿ, ವಾದ. ಅನುಮಾನವಿದ್ದರೆ ಇತ್ತೀಚಿನ ಕಲಿಕಾ ನಿಘಂಟಿನಲ್ಲಿ ಆ ಪದವನ್ನು ತೆರೆದು ಉದಾಹರಣೆ ವಾಕ್ಯಗಳನ್ನು ಓದಿ. ಅರ್ಥಕ್ಕಿಂತ ಉದಾಹರಣೆಗಳೇ ಪ್ರಿಪೊಸಿಷನ್ ವಿಷಯದಲ್ಲಿ ಹೆಚ್ಚು ಕಲಿಸುತ್ತವೆ.

ವಾದದ ಗುಂಪಿನ ಸಂಗತಿಯನ್ನು ಒಂದು ಅಂಕದ ಬಿಟ್ಟ ಸ್ಥಳದ ಪ್ರಶ್ನೆಯಾಗಿ ಎಂದೂ ಕೇಳಬೇಡಿ. ‘ಸಿನ್ಸ್’, ‘ಫಾರ್’ ಕೇಳಿ. ‘ಮ್ಯಾರೀಡ್ ಟು’ ಕೇಳಿ. ಪರೀಕ್ಷಿಸಲು ಗಟ್ಟಿಯಾದ ನಿಯಮಗಳು ಬೇಕಾದಷ್ಟಿವೆ.

ಒಂದು ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ವಾದಗಳನ್ನು ತರಗತಿಗೆ ಒಯ್ಯಬೇಡಿ. ಎಲ್ಲವೂ ಸರಿ ಎಂಬ ಭಾವನೆ ಹುಟ್ಟಿದರೆ ‘ಆ್ಯಂಗ್ರಿ ಆನ್ ಮಿ’ ಕೂಡ ಸರಿಯಾಗಿಬಿಡುತ್ತದೆ.

ಮಗು ಪುಸ್ತಕದಲ್ಲಿಲ್ಲದ ರೂಪವನ್ನು ಬರೆದಾಗ ಮೊದಲು ಕೇಳಬೇಕಾದದ್ದು ‘ಇದನ್ನು ಎಲ್ಲಿ ಓದಿದೆ?’ ಎಂದು. ಉತ್ತರ ಸಿಕ್ಕರೆ ಅದನ್ನು ಬರೆದುಕೊಳ್ಳಿ, ಸಂಜೆ ನಿಘಂಟು ನೋಡಿ, ಮರುದಿನ ತರಗತಿಗೆ ಹೇಳಿ.

ಚರ್ಚೆಗೆ ಮತ್ತು ಅಭ್ಯಾಸಕ್ಕೆ

1. ‘ಗೆ’ ಎಂಬ ಪ್ರತ್ಯಯ ಬರುವ ಆರು ಕನ್ನಡ ವಾಕ್ಯಗಳನ್ನು ರಚಿಸಿ. ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಯಾವ ಪ್ರಿಪೊಸಿಷನ್ ಬರುತ್ತದೆ, ಎಲ್ಲಿ ಯಾವುದೂ ಬರುವುದಿಲ್ಲ ಎಂದು ಗುರುತಿಸಿ.

2. ಬಸ್ಸು, ರೈಲುಗಳಿಗೆ ‘ಆನ್’, ಕಾರು, ಆಟೊಗಳಿಗೆ ‘ಇನ್’ ಎನ್ನುವುದು ರೂಢಿ. ‘ಇನ್ ದ ಬಸ್’ ಎಂದು ಬರೆದ ಉತ್ತರಕ್ಕೆ ನೀವು ಅಂಕ ಕೊಡುವಿರಾ? ಬಸ್ಸಿನ ಒಳಗೆ ಎಂದು ಒತ್ತಿ ಹೇಳುವ ಸಂದರ್ಭವಾಗಿದ್ದರೆ?

3. ನಿಮ್ಮ ಅಭ್ಯಾಸ ಶಾಲೆಯ ಒಂದು ಹಳೆಯ ಪ್ರಶ್ನೆಪತ್ರಿಕೆಯ ಪ್ರಿಪೊಸಿಷನ್ ಪ್ರಶ್ನೆಗಳನ್ನು ನಿಯಮ, ರೂಢಿ, ವಾದ ಎಂದು ಮೂರು ಕಂಬಸಾಲುಗಳಲ್ಲಿ ವಿಂಗಡಿಸಿ. ಮೂರನೆಯ ಸಾಲಿಗೆ ಬಿದ್ದ ಪ್ರತಿ ಪ್ರಶ್ನೆಯನ್ನೂ ಅನ್ಯಾಯವಾಗದಂತೆ ತಿದ್ದಿ ಬರೆಯಿರಿ.